ನಾಡು, ನಡುಗಡ್ಡೆ ಮತ್ತು ನಮ್ಮ ಮತ

(ಸಂಘದ ಸಂಸ್ಥಾಪನಾ ದಿನೋತ್ಸವದ ಅಂಗವಾಗಿ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನ್ನನ್ನು ಮಾತಾಡಲು ಕರೆದಾಗ, ‘ಏನಾದರೂ ಹಗುರವಾದ ವಿಷಯ ಇರಲಿ, ಊಟ ಆದ ಮೇಲಿನ ಹೊತ್ತು’ ಎಂದು ಎಚ್ಚರಿಸಿದ್ದರು. ನಾನು ಆರಿಸಿಕೊಂಡದ್ದು ಒಂದು ದೇಶ ತನ್ನ ಕಡಲಾಚೆಯ ಪ್ರದೇಶಗಳನ್ನು ಹೇಗೆ ವಿಂಗಡಿಸಿ ಆಳುತ್ತದೆ ಎಂಬ ವಿಷಯವನ್ನು. ಇದನ್ನು ಕೇಳಿದ ಕೂಡಲೇ ನಮ್ಮ ಕಾರ್ಯದರ್ಶಿಗಳ ಮುಖ ಬಿಸಿಬೇಳೆ ಭಾತಿಗೆ ಉಪ್ಪು ಹಾಕುವುದನ್ನು ಮರೆತವರ ಮುಖದಂತಾಯಿತು. ಆದರೂ ಒಪ್ಪಿಕೊಂಡರು. ಅವರ ಸೌಜನ್ಯಕ್ಕೆ ನಾನು ಋಣಿ. ಈ ವಿಷಯ ನಮ್ಮ ಮನೆಯ ಅಂಗಳಕ್ಕೇ ಬಂದು ಮುಟ್ಟುತ್ತದೆ ಎಂಬುದನ್ನು ತೋರಿಸಲು ಅರ್ಧ ಗಂಟೆ ಅವಕಾಶ ಕೊಡಿ.

ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕದ್ದು 1996ರಲ್ಲಿ. ಆ ವರ್ಷ ನಾನು ಈ ದೇಶದ ಪೌರತ್ವದ ಪ್ರಮಾಣವಚನ ತೆಗೆದುಕೊಂಡೆ. ಮರುದಿನ ಆಫೀಸಿಗೆ ಹೋದಾಗ ಸ್ನೇಹಿತರು ಕೇಕ್ ತಂದಿದ್ದರು. ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಇಂಜಿನಿಯರ್ ಪೋರ್ಟೊ ರಿಕೊ ದ್ವೀಪದವನು. ಅವನೂ ಕೈ ಕುಲುಕಿ ಅಭಿನಂದಿಸಿದ. ಆಮೇಲೆ ಕಾಫಿ ಕುಡಿಯುತ್ತಾ ಒಂದು ಮಾತು ಹೇಳಿದ. ‘ಬರುವ ನವೆಂಬರಿನಲ್ಲಿ ನೀನು ಅಧ್ಯಕ್ಷರ ಚುನಾವಣೆಗೆ ಮತ ಹಾಕಬಹುದು. ನನ್ನ ತಾಯಿ ಹುಟ್ಟಿದಂದಿನಿಂದ ಅಮೆರಿಕದ ಪ್ರಜೆ. ಎಪ್ಪತ್ತು ದಾಟಿದೆ. ಅವಳು ಒಮ್ಮೆಯೂ ಹಾಕಿಲ್ಲ.’

ಅವನ ಮಾತಿನಲ್ಲಿ ಕೋಪವಿರಲಿಲ್ಲ. ಆದರೂ ನನಗೆ ನಾಚಿಕೆಯಾಯಿತು. ಪೌರತ್ವದ ಪರೀಕ್ಷೆಗೆ ನೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದ ನನಗೆ ಇಷ್ಟು ಗೊತ್ತಿರಲಿಲ್ಲ. ಅಂದಿನಿಂದ ಗ್ರಂಥಾಲಯಕ್ಕೆ ಹೋದಾಗಲೆಲ್ಲ ಈ ಬಗ್ಗೆ ಓದಿಕೊಂಡು ಬಂದಿದ್ದೇನೆ. ನಾನು ಕಾನೂನು ಪಂಡಿತನಲ್ಲ, ಪೈಪುಗಳ ಲೆಕ್ಕ ಹಾಕುವವನು. ತಪ್ಪಿದ್ದರೆ ಇಲ್ಲಿರುವ ವಕೀಲ ಮಿತ್ರರು ತಿದ್ದಬೇಕು.

ನಾವು ನಿಂತಿರುವ ಈ ನೆಲದಿಂದಲೇ ಶುರು ಮಾಡೋಣ. ಟೆಕ್ಸಸ್ ಒಂದು ಕಾಲದಲ್ಲಿ ಮೆಕ್ಸಿಕೊ ದೇಶದ ದೂರದ ಅಂಚು. 1824ರಲ್ಲಿ ಮೆಕ್ಸಿಕೊ ತನ್ನ ರಾಜ್ಯಗಳನ್ನು ವಿಂಗಡಿಸಿದಾಗ ಟೆಕ್ಸಸ್‌ಗೆ ಸ್ವಂತ ರಾಜ್ಯ ಸಿಗಲಿಲ್ಲ. ಕೊವಾಯಿಲಾ ಎಂಬ ಪಕ್ಕದ ಸೀಮೆಯೊಡನೆ ಅದನ್ನು ಕಟ್ಟಿಹಾಕಿದರು. ರಾಜಧಾನಿ ದೂರದ ಸಾಲ್ಟಿಯೊದಲ್ಲಿ. ‘ನಮಗೆ ಪ್ರತ್ಯೇಕ ರಾಜ್ಯ ಬೇಕು’ ಎಂಬ ಅರ್ಜಿಯನ್ನು ಹಿಡಿದು 1833ರಲ್ಲಿ ಮೆಕ್ಸಿಕೊ ನಗರಕ್ಕೆ ಹೋದವರು ಸ್ಟೀಫನ್ ಆಸ್ಟಿನ್. ಅವರ ಹೆಸರನ್ನೇ ಹೊತ್ತ ಊರಿನಿಂದ ಇಂದು ನಿಮ್ಮಲ್ಲಿ ಹಲವರು ಬಂದಿದ್ದೀರಿ. ಅರ್ಜಿ ಕೊಟ್ಟು ಹಿಂದಿರುಗುವಾಗ, 1834ರ ಆರಂಭದಲ್ಲಿ, ಅವರನ್ನು ಬಂಧಿಸಿ ಸೆರೆಮನೆಗೆ ಹಾಕಿದರು. ಮುಂದೆ ಯುದ್ಧ ನಡೆದು 1836ರಲ್ಲಿ ಟೆಕ್ಸಸ್ ಸ್ವತಂತ್ರ ಗಣರಾಜ್ಯವಾಯಿತು. ಆ ಹೋರಾಟದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಹಟವೂ ಬೆರೆತಿತ್ತು ಎಂಬುದನ್ನು ಮರೆಮಾಚಬಾರದು. 1845ರ ಡಿಸೆಂಬರ್ 29ರಂದು ಟೆಕ್ಸಸ್ ಅಮೆರಿಕದ ಒಕ್ಕೂಟಕ್ಕೆ ಸೇರಿತು. ಸೇರುವಾಗಲೇ ಪೂರ್ಣ ರಾಜ್ಯವಾಗಿ ಸೇರಿತು. ನಡುವಿನ ಮೆಟ್ಟಿಲು ಒಂದೂ ಇರಲಿಲ್ಲ.

ಬೇರೆ ಬಹುಪಾಲು ರಾಜ್ಯಗಳು ಮೆಟ್ಟಿಲು ಹತ್ತಿ ಬಂದವು. 1787ರಲ್ಲಿ ವಾಯವ್ಯದ ಹೊಸ ಭೂಮಿಗಾಗಿ ಮಾಡಿದ ಶಾಸನ ಒಂದು ಏಣಿಯನ್ನು ನಿಲ್ಲಿಸಿತ್ತು. ಮೊದಲು ಕೇಂದ್ರದವರು ನೇಮಿಸಿದ ಗವರ್ನರು. ಸ್ವತಂತ್ರ ವಯಸ್ಕ ಗಂಡಸರ ಸಂಖ್ಯೆ 5,000 ಆದರೆ ಒಂದು ಶಾಸನಸಭೆ. ಸ್ವತಂತ್ರ ಜನರ ಸಂಖ್ಯೆ 60,000 ಆದರೆ ರಾಜ್ಯದ ಪದವಿ. ಮೂಲನಿವಾಸಿಗಳ ನೆಲವನ್ನು ಕಿತ್ತುಕೊಂಡೇ ಈ ಏಣಿ ನಿಲ್ಲಿಸಿದ್ದು ನಿಜ, ಅದು ಬೇರೆಯೇ ಒಂದು ದೊಡ್ಡ ದುಃಖದ ಕಥೆ. ಆದರೆ ಏಣಿಯ ಮೇಲೆ ಇದ್ದವರಿಗೆ ಒಂದು ಭರವಸೆಯಿತ್ತು. ‘ಇಂದು ನಾವು ಕೆಳಗಿದ್ದೇವೆ, ನಾಳೆ ಮೇಲೆ ಹೋಗುತ್ತೇವೆ’ ಎಂದು.

1898ರಲ್ಲಿ ಈ ಭರವಸೆ ನಿಂತುಹೋಯಿತು. ಸ್ಪೇನಿನೊಡನೆ ನಡೆದ ಯುದ್ಧದಲ್ಲಿ ಅಮೆರಿಕ ಗೆದ್ದಿತು. ಆ ವರ್ಷದ ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಂತೆ ಪೋರ್ಟೊ ರಿಕೊ, ಗುವಾಮ್ ಮತ್ತು ಫಿಲಿಪ್ಪೀನ್ಸ್ ದ್ವೀಪಗಳು ಅಮೆರಿಕದ ಕೈಗೆ ಬಂದವು. ಅಲ್ಲಿಯ ಜನರ ಹಕ್ಕುಬಾಧ್ಯತೆಗಳನ್ನು ಅಮೆರಿಕದ ಕಾಂಗ್ರೆಸ್ಸು ತೀರ್ಮಾನಿಸಲಿ ಎಂದು ಒಪ್ಪಂದದಲ್ಲೇ ಬರೆದರು. ಇವರೆಲ್ಲ ಬೇರೆ ಬಣ್ಣದವರು, ಬೇರೆ ಭಾಷೆಯವರು. ಇವರನ್ನೂ ಏಣಿ ಹತ್ತಿಸಬೇಕೆ ಎಂಬ ಪ್ರಶ್ನೆ ಎದ್ದಿತು.

ಉತ್ತರ ಬಂದದ್ದು ಕಿತ್ತಳೆ ಹಣ್ಣಿನ ಮೂಲಕ! ಡೌನ್ಸ್ ಎಂಬ ವ್ಯಾಪಾರಿ ಪೋರ್ಟೊ ರಿಕೊದಿಂದ ನ್ಯೂಯಾರ್ಕಿಗೆ ಕಿತ್ತಳೆ ತರಿಸಿದರು. ಸುಂಕದ ಕಟ್ಟೆಯವರು 659 ಡಾಲರ್ 35 ಸೆಂಟ್ ವಸೂಲು ಮಾಡಿದರು. ‘ಒಂದೇ ದೇಶದೊಳಗೆ ಸುಂಕ ಏಕೆ?’ ಎಂದು ಅವರು ದಾವೆ ಹೂಡಿದರು. 1901ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದು ಮಂದಿ ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಕೊಟ್ಟಿತು. ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ್ದು ಹೌದು, ಆದರೆ ಅಮೆರಿಕದ ಒಳಗೆ ಸೇರಿದ್ದಲ್ಲ ಎಂಬುದು ಅದರ ಸಾರಾಂಶ. ಲೋಕದ ಕಣ್ಣಿಗೆ ಅದು ಪರದೇಶವಲ್ಲ, ಮನೆಯೊಳಗಿನ ಲೆಕ್ಕಕ್ಕೆ ಮಾತ್ರ ಪರದೇಶ. ಸುಂಕ ಸರಿಯೆಂದಾಯಿತು. ಮುಖ್ಯ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಬ್ರೌನ್ ಅವರು 1896ರಲ್ಲಿ ಕರಿಯರಿಗೂ ಬಿಳಿಯರಿಗೂ ರೈಲಿನಲ್ಲಿ ಬೇರೆ ಬೇರೆ ಡಬ್ಬಿ ಸರಿ ಎಂದು ಬರೆದವರೇ. ಎರಡೂ ಬಾರಿ ಭಿನ್ನಮತ ಬರೆದವರಲ್ಲಿ ನ್ಯಾಯಮೂರ್ತಿ ಹಾರ್ಲನ್ ಇದ್ದರು. ರೈಲು ಡಬ್ಬಿಯ ತೀರ್ಪಿನ ತತ್ವವನ್ನು 1954ರಲ್ಲಿ ನ್ಯಾಯಾಲಯವೇ ತಳ್ಳಿಹಾಕಿತು. ದ್ವೀಪಗಳ ತೀರ್ಪು ಮಾತ್ರ ಇಂದಿಗೂ ನಿಂತಿದೆ.

ಆ ತೀರ್ಪಿನಿಂದ ಎರಡು ಪಂಕ್ತಿಗಳು ಹುಟ್ಟಿದವು. ‘ಅಂತರ್ಗತ’ ಪ್ರದೇಶ ಎಂದರೆ ಸಂವಿಧಾನ ಪೂರ್ತಿ ಅನ್ವಯಿಸುವ, ಮುಂದೆ ರಾಜ್ಯವಾಗುವ ನಿರೀಕ್ಷೆಯಿರುವ ಸೀಮೆ. ಅಲಾಸ್ಕ ಮತ್ತು ಹವಾಯಿ ಈ ಪಂಕ್ತಿಯಲ್ಲಿದ್ದು 1959ರಲ್ಲಿ ರಾಜ್ಯಗಳಾದವು. ‘ಅನಂತರ್ಗತ’ ಪ್ರದೇಶ ಎಂದರೆ ಸಂವಿಧಾನದ ಮೂಲಭೂತ ಭಾಗಗಳು ಮಾತ್ರ ಅನ್ವಯಿಸುವ ಸೀಮೆ. ಮಿಕ್ಕದ್ದೆಲ್ಲ ಕಾಂಗ್ರೆಸ್ಸಿನ ಇಷ್ಟ. ಇಂದು ಜನವಸತಿಯಿರುವ ಐದು ಪ್ರದೇಶಗಳೂ ಈ ಎರಡನೆಯ ಪಂಕ್ತಿಯಲ್ಲಿವೆ. ಪೋರ್ಟೊ ರಿಕೊ, ಗುವಾಮ್, 1917ರಲ್ಲಿ ಡೆನ್ಮಾರ್ಕಿಗೆ 2.5 ಕೋಟಿ ಡಾಲರ್ ಕೊಟ್ಟು ಕೊಂಡ ವರ್ಜಿನ್ ದ್ವೀಪಗಳು, ಅಮೆರಿಕನ್ ಸಮೋವಾ, ಮತ್ತು ಉತ್ತರ ಮರಿಯಾನ ದ್ವೀಪಗಳು. 2020ರ ಜನಗಣತಿಯಂತೆ ಐದೂ ಸೇರಿ ಸುಮಾರು 36 ಲಕ್ಷ ಜನ. ಅದರಲ್ಲಿ ಸುಮಾರು 33 ಲಕ್ಷ ಪೋರ್ಟೊ ರಿಕೊ ಒಂದರಲ್ಲೇ.

ಹಾಗಾದರೆ ‘ಅಂತರ್ಗತ’ ಪ್ರದೇಶ ಈಗ ಒಂದೂ ಉಳಿದಿಲ್ಲವೆ ಎಂದು ನೀವು ಕೇಳಬಹುದು. ಒಂದು ಉಳಿದಿದೆ. ಪೆಸಿಫಿಕ್ ಸಾಗರದ ಪಾಲ್ಮೈರಾ ಎಂಬ ಹವಳದ ದಿಬ್ಬ. ಹವಾಯಿ ರಾಜ್ಯವಾದಾಗ ಇದನ್ನು ಹೊರಗೆ ಬಿಟ್ಟರು, ಹಳೆಯ ಪದವಿ ಹಾಗೆಯೇ ಅಂಟಿಕೊಂಡಿತು. ಅಲ್ಲಿ ಕಾಯಂ ನಿವಾಸಿಗಳು ಒಬ್ಬರೂ ಇಲ್ಲ. ಅಂದರೆ ಸಂವಿಧಾನ ಪೂರ್ತಿ ಅನ್ವಯಿಸುವುದು ಏಡಿ ಮತ್ತು ಕಡಲಹಕ್ಕಿಗಳಿರುವ ಕಡೆ, ಮೂವತ್ತಾರು ಲಕ್ಷ ಜನರಿರುವ ಕಡೆ ಅಲ್ಲ!

ಈಗ ನನ್ನ ಸಹೋದ್ಯೋಗಿಯ ತಾಯಿಯ ವಿಷಯಕ್ಕೆ ಬರುತ್ತೇನೆ. ಪೋರ್ಟೊ ರಿಕೊದವರಿಗೆ 1917ರಲ್ಲಿ ಪೌರತ್ವ ಬಂತು. 1948ರಲ್ಲಿ ಅವರು ತಮ್ಮ ಗವರ್ನರನ್ನು ತಾವೇ ಆರಿಸಿದರು. 1952ರ ಜುಲೈ 25ರಂದು ಅವರದೇ ಸಂವಿಧಾನ ಜಾರಿಗೆ ಬಂತು. ಅವರಿಗೆ ಎರಡು ಸದನಗಳ ಶಾಸನಸಭೆಯೂ ಇದೆ. ಆದರೆ ವಾಷಿಂಗ್ಟನ್ನಿನಲ್ಲಿ ಒಬ್ಬ ಪ್ರತಿನಿಧಿ ಮಾತ್ರ. ಅವರು ಮಾತಾಡಬಹುದು, ಮಸೂದೆ ಮಂಡಿಸಬಹುದು. ಸದನದಲ್ಲಿ ಮಸೂದೆ ಅಂತಿಮ ಮತಕ್ಕೆ ಬಂದಾಗ ಮಾತ್ರ ಸುಮ್ಮನೆ ಕೂರಬೇಕು. ಸೆನೆಟಿನಲ್ಲಿ ಯಾರೂ ಇಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಪಾಲಿಲ್ಲ.

ಆ ತಾಯಿ ಪೋನ್ಸೆ ಊರಿನಿಂದ ಬಂದು ಹ್ಯೂಸ್ಟನ್ನಿನಲ್ಲಿ ಮಗನ ಮನೆಯಲ್ಲಿ ನೆಲೆಸಿದರೆ ಹೆಸರು ನೋಂದಾಯಿಸಿ ಮತ ಹಾಕಬಹುದು. ಹಿಂದಿರುಗಿದರೆ ಆ ಹಕ್ಕು ಹೋಯಿತು. ಇದು ಅವರಿಗೆ ಮಾತ್ರವಲ್ಲ. ನಿವೃತ್ತಿಯ ನಂತರ ಮೈಸೂರಿಗೆ ಹೋಗಿ ನೆಲೆಸುವ ಯೋಚನೆಯಲ್ಲಿರುವವರು ಇಲ್ಲಿ ಹತ್ತಾರು ಮಂದಿ ಇದ್ದೀರಿ. ಅಮೆರಿಕದ ಪೌರತ್ವ ಉಳಿಸಿಕೊಂಡಿದ್ದರೆ, ಕುವೆಂಪುನಗರದಲ್ಲಿ ಕೂತು ಟೆಕ್ಸಸ್‌ನ ಮತಪತ್ರವನ್ನು ತುಂಬಿ ಕಳಿಸಬಹುದು. ಅದೇ ನೀವು ಪೋರ್ಟೊ ರಿಕೊದ ಸ್ಯಾನ್ ವಾನ್‌ಗೆ ಹೋಗಿ ನೆಲೆಸಿದಿರಾದರೆ ಅಧ್ಯಕ್ಷರಿಗೆ ಮತ ಹಾಕುವಂತಿಲ್ಲ. ದೇಶ ಬಿಟ್ಟವರಿಗೆ ಮತವಿದೆ, ದೇಶದ ಬಾವುಟದ ಕೆಳಗೇ ಇರುವವರಿಗೆ ಇಲ್ಲ.

‘ಅವರು ತೆರಿಗೆ ಕಟ್ಟುವುದಿಲ್ಲವಲ್ಲ ಸ್ವಾಮಿ’ ಎಂದು ಒಬ್ಬ ಮಿತ್ರರು ಒಮ್ಮೆ ನನಗೆ ಹೇಳಿದರು. ಅರ್ಧ ನಿಜ. ದ್ವೀಪದಲ್ಲೇ ದುಡಿದ ಹಣಕ್ಕೆ ಅವರಲ್ಲಿ ಬಹುಪಾಲು ಜನ ಕೇಂದ್ರದ ಆದಾಯ ತೆರಿಗೆ ಕಟ್ಟುವುದಿಲ್ಲ. ಆದರೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆಗಳನ್ನು ನಮ್ಮ ಹಾಗೆಯೇ ಕಟ್ಟುತ್ತಾರೆ, ಯುದ್ಧ ಬಂದಾಗ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ್ದಾರೆ. ವಾಯೆಲ್ಯೊ ಮಡೇರೊ ಎಂಬವರ ಮೊಕದ್ದಮೆ ನೋಡಿ. ನ್ಯೂಯಾರ್ಕಿನಲ್ಲಿದ್ದಾಗ ಅಂಗವಿಕಲರಿಗೆ ಸಿಗುವ ಮಾಸಾಶನ ಪಡೆಯುತ್ತಿದ್ದರು. 2013ರಲ್ಲಿ ಪೋರ್ಟೊ ರಿಕೊಗೆ ಹೋಗಿ ನೆಲೆಸಿದರು. ಆಮೇಲೆ ಸರಕಾರ, ‘ಅಲ್ಲಿಗೆ ಈ ಮಾಸಾಶನ ಅನ್ವಯಿಸದು, 28,081 ಡಾಲರ್ ವಾಪಸು ಕೊಡಿ’ ಎಂದು ದಾವೆ ಹಾಕಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ, ದ್ವೀಪಕ್ಕೆ ಈ ಮಾಸಾಶನವನ್ನು ಕೊಡದಿರುವ ಅಧಿಕಾರ ಕಾಂಗ್ರೆಸ್ಸಿಗಿದೆ ಎಂದರು. ನ್ಯಾಯಮೂರ್ತಿ ಸೋಟೊಮಯೋರ್ ಒಬ್ಬರೇ ಭಿನ್ನಮತ ಬರೆದರು. ಬಹುಮತದ ಕಡೆಯಿದ್ದ ನ್ಯಾಯಮೂರ್ತಿ ಗೊರ್ಸಚ್ ಅವರು ಕೂಡ, 1901ರ ಹಳೆಯ ತೀರ್ಪುಗಳು ಕೊಳೆತ ಅಡಿಪಾಯದ ಮೇಲಿವೆ, ಅವನ್ನು ತಳ್ಳಿಹಾಕುವ ಕಾಲ ಬಂದಿದೆ ಎಂಬರ್ಥದ ಮಾತನ್ನು ಪ್ರತ್ಯೇಕವಾಗಿ ಬರೆದರು.

2017ನ್ನು ಹ್ಯೂಸ್ಟನ್ನಿನವರು ಯಾರೂ ಮರೆಯಲಾರರು. ಆಗಸ್ಟ್ 25ರಂದು ಹಾರ್ವಿ ಚಂಡಮಾರುತ ಟೆಕ್ಸಸ್ ತೀರಕ್ಕೆ ಬಂತು. ಈ ಎನರ್ಜಿ ಕಾರಿಡಾರು ಆ್ಯಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳ ಮಗ್ಗುಲಲ್ಲೇ ಇದೆ. ಬಫೆಲೊ ಬೈಯೂ ಉಕ್ಕಿ ಎಷ್ಟು ಮನೆಗಳಿಗೆ ನೀರು ನುಗ್ಗಿತು, ನಮ್ಮ ಸಂಘದ ಹುಡುಗರು ದೋಣಿಗಳಲ್ಲಿ ಹೋಗಿ ಯಾರ ಯಾರನ್ನು ಕರೆತಂದರು ಎಂಬುದು ನಿಮಗೆಲ್ಲ ಗೊತ್ತು. ನಮ್ಮ ಪರವಾಗಿ ವಾಷಿಂಗ್ಟನ್ನಿನಲ್ಲಿ ಆಗ ಇಬ್ಬರು ಸೆನೆಟರುಗಳು, 36 ಪ್ರತಿನಿಧಿಗಳು ಇದ್ದರು. ಎರಡು ವಾರಗಳೊಳಗೆ ಮೊದಲ ಪರಿಹಾರದ ಮಸೂದೆ ಪಾಸಾಯಿತು.

ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊವನ್ನು ಹೊಡೆಯಿತು. ಇಡೀ ದ್ವೀಪ ಕತ್ತಲಾಯಿತು. ಕೊನೆಯ ಮನೆಗಳಿಗೆ ದೀಪ ಬರಲು ಸುಮಾರು 11 ತಿಂಗಳು ಹಿಡಿಯಿತು. ಸತ್ತವರು 64 ಎಂದು ಮೊದಲು ಲೆಕ್ಕ ಕೊಟ್ಟಿದ್ದರು. 2018ರ ಆಗಸ್ಟಿನಲ್ಲಿ ಅಲ್ಲಿಯ ಸರಕಾರ ಆ ಲೆಕ್ಕವನ್ನು 2,975ಕ್ಕೆ ತಿದ್ದಿತು. ಇದೆಲ್ಲಕ್ಕೂ ದ್ವೀಪದ ಪದವಿಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ನಡುವೆ ಸಮುದ್ರವಿತ್ತು, ವಿದ್ಯುತ್ ವ್ಯವಸ್ಥೆ ಹಳತಾಗಿತ್ತು, ದ್ವೀಪ ಸಾಲದಲ್ಲಿ ಮುಳುಗಿತ್ತು. ಸಾಲದ ಉಸ್ತುವಾರಿಗೆ 2016ರ ಕಾಯಿದೆ ಏಳು ಸದಸ್ಯರ ಮಂಡಳಿಯೊಂದನ್ನು ಕೂರಿಸಿತ್ತು. ಅವರನ್ನು ನೇಮಿಸಿದ್ದು ಅಮೆರಿಕದ ಅಧ್ಯಕ್ಷರು, ದ್ವೀಪದ ಜನ ಆರಿಸಿದ್ದಲ್ಲ. ದ್ವೀಪದ ಗವರ್ನರಿಗೆ ಆ ಮಂಡಳಿಯಲ್ಲಿ ಕುರ್ಚಿಯಿದೆ, ಮತವಿಲ್ಲ. ಕಷ್ಟಕಾಲದಲ್ಲಿ ನಮ್ಮ ಪರವಾಗಿ ಕೈಯೆತ್ತುವ 38 ಮಂದಿ ಇದ್ದರು, ಅವರ ಪರವಾಗಿ ಕೈಯೆತ್ತುವವರು ಒಬ್ಬರೂ ಇರಲಿಲ್ಲ. ಇಷ್ಟನ್ನು ಮಾತ್ರ ನಾನು ಹೇಳುತ್ತಿದ್ದೇನೆ. ಆ ವಾರ ನನ್ನ ಸಹೋದ್ಯೋಗಿಗೆ ತಾಯಿಯ ಸುದ್ದಿ ಸಿಗಲು ಒಂಬತ್ತು ದಿನ ಬೇಕಾಯಿತು. ತಾಯಿ ಬದುಕಿದ್ದರು. ನಂತರ ಅವರನ್ನು ಕಾಯಮ್ಮಾಗಿ ಇಲ್ಲಿಗೇ ಕರೆತಂದ. 2018ರ ನವೆಂಬರಿನಲ್ಲಿ, ತೊಂಬತ್ತು ದಾಟಿದ ಮೇಲೆ, ಆಕೆ ಮೊದಲ ಬಾರಿಗೆ ಒಬ್ಬ ಸೆನೆಟರಿಗೆ ಮತ ಹಾಕಿದರು.

ಇಷ್ಟು ಹೊತ್ತು ನೀವು ಸಹನೆಯಿಂದ ಕೇಳಿದಿರಿ. ‘ಇದೆಲ್ಲ ಇಲ್ಲಿಯವರ ಕಥೆಯಾಯಿತು, ಕನ್ನಡಿಗರಿಗೆ ಇದರಲ್ಲೇನು?’ ಎಂದು ಯಾರಾದರೂ ಕೇಳುವ ಮೊದಲೇ ನಮ್ಮ ನಾಡಿಗೆ ಬರುತ್ತೇನೆ.

ಇಂಥ ಪಂಕ್ತಿಭೇದದಲ್ಲಿ ನಾವೂ ಕುಳಿತವರೇ. 1950ರಲ್ಲಿ ಭಾರತದ ಸಂವಿಧಾನ ಜಾರಿಗೆ ಬಂದಾಗ ದೇಶದ ಸೀಮೆಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದ್ದರು. ಹಳೆಯ ಬ್ರಿಟಿಷ್ ಪ್ರಾಂತಗಳು ಎ, ಅಲ್ಲಿ ರಾಜ್ಯಪಾಲರು. ದೊಡ್ಡ ಸಂಸ್ಥಾನಗಳು ಬಿ, ಅಲ್ಲಿ ರಾಜಪ್ರಮುಖರು. ಚಿಕ್ಕ ಸೀಮೆಗಳು ಸಿ, ಅಲ್ಲಿ ಕೇಂದ್ರದ ಚೀಫ್ ಕಮಿಷನರು. ಅಂಡಮಾನ್ ನಿಕೋಬಾರ್ ಒಂದೇ ಡಿ. ಆಗ ಕನ್ನಡಿಗರು ಎಲ್ಲಿದ್ದರು? ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡದವರು ಮುಂಬಯಿಯೊಡನೆ ಎ. ದಕ್ಷಿಣ ಕನ್ನಡ, ಬಳ್ಳಾರಿಯವರು ಮದ್ರಾಸಿನೊಡನೆ ಎ. ಮೈಸೂರಿನವರು ಬಿ. ಬೀದರ್, ಗುಲ್ಬರ್ಗ, ರಾಯಚೂರಿನವರು ಹೈದರಾಬಾದಿನೊಡನೆ ಬಿ. ಕೊಡಗಿನವರು ಸಿ.

ಕೊಡಗಿನ ಕಥೆ ಸ್ವಾರಸ್ಯವಾದದ್ದು. 1834ರಲ್ಲಿ ಇಂಗ್ಲಿಷರು ಚಿಕವೀರ ರಾಜೇಂದ್ರನನ್ನು ಇಳಿಸಿ ಆ ಸೀಮೆಯನ್ನು ತೆಗೆದುಕೊಂಡ ಮೇಲೆ ಅದನ್ನು ಯಾವ ಪ್ರಾಂತಕ್ಕೂ ಸೇರಿಸದೆ ಕಮಿಷನರುಗಳ ಕೈಯಲ್ಲಿ ಇಟ್ಟಿದ್ದರು. 1951ರ ಒಂದು ಕಾಯಿದೆಯಿಂದ ಕೊಡಗಿಗೆ ಶಾಸನಸಭೆ ದೊರೆಯಿತು. 1952ರಲ್ಲಿ ಚುನಾವಣೆ ನಡೆದು 24 ಸದಸ್ಯರ ಸಭೆ ಕೂಡಿತು, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. ಪೋರ್ಟೊ ರಿಕೊದ ಸಂವಿಧಾನ ಜಾರಿಗೆ ಬಂದದ್ದೂ ಅದೇ ವರ್ಷ. ಆಗ ಕೊಡಗಿನ ಜನಸಂಖ್ಯೆ ಸುಮಾರು 2 ಲಕ್ಷ 29 ಸಾವಿರ. ಅಷ್ಟು ಚಿಕ್ಕ ಸೀಮೆಗೆ ಮನೆಯಲ್ಲಿ ತನ್ನದೇ ಸಭೆ, ದೆಹಲಿಯ ಲೋಕಸಭೆಯಲ್ಲಿ ಮತವಿರುವ ಒಬ್ಬ ಸದಸ್ಯ, ಎರಡೂ ಇದ್ದವು. 1956ರ ನವೆಂಬರ್ 1ರಂದು ಎ, ಬಿ, ಸಿ, ಡಿ ವರ್ಗಗಳೆಲ್ಲ ರದ್ದಾದವು. ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಇಂದು 224 ಸ್ಥಾನಗಳ ವಿಧಾನಸಭೆಯಲ್ಲಿ ಕೊಡಗಿಗೆ ಎರಡು ಸ್ಥಾನ. ಆ ವಿಲೀನ ಲಾಭವೋ ನಷ್ಟವೋ ಎಂದು ನಮ್ಮ ಕೊಡವ ಮಿತ್ರರು ಇಂದಿಗೂ ಚರ್ಚಿಸುತ್ತಾರೆ. ಆ ಚರ್ಚೆಗೆ ನಾನು ಕೈ ಹಾಕುವುದಿಲ್ಲ, ಇಂದಿನ ಪಂದಿಕರಿಗೆ ನನಗೂ ಪಾಲು ಬೇಕು!

ಈಗ ನಮ್ಮ ಊರಿನ ಕಥೆ. ನಾನು ಮಂಗಳೂರಿನವನು. ನನ್ನ ತಂದೆ ಬಂದರಿನ ಒಂದು ಅಕ್ಕಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಮಳೆಗಾಲ ಮುಗಿದ ಮೇಲೆ ಹಳೆಬಂದರಿಗೆ ದ್ವೀಪದ ಮಂಜಿಗಳು ಬರುತ್ತಿದ್ದವು. ತೆಂಗಿನ ನಾರಿನ ಹುರಿ, ಕೊಬ್ಬರಿ, ಒಣಮೀನು ಇಳಿಸಿ, ಅಕ್ಕಿ ತುಂಬಿಕೊಂಡು ಹೋಗುತ್ತಿದ್ದರು. ಆ ಜನರನ್ನು ನಾವು ‘ದ್ವೀಪದವರು’ ಎಂದಷ್ಟೇ ಕರೆಯುತ್ತಿದ್ದೆವು. ಅವರು ಬರುತ್ತಿದ್ದದ್ದು ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್ ಎಂಬ ದ್ವೀಪಗಳಿಂದ. ಈ ಗುಂಪಿಗೆ ಅಮಿನ್‌ದಿವಿ ಎಂದು ಹೆಸರು.

ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಅಲ್ಲಿಯ ಜನ ಕಣ್ಣಾನೂರಿನ ಅರಕ್ಕಲ್ ಬೀಬಿಯ ಆಡಳಿತದಿಂದ ಬೇಸತ್ತು, 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರು. ಮುಂದೆ ದ್ವೀಪಗಳು ಟಿಪ್ಪುವಿನ ಕೈಗೆ ಬಂದವು. ಅಂದರೆ ಆ ಕಾಲದಲ್ಲಿ ಮೈಸೂರಿಗೂ ಒಂದು ಕಡಲಾಚೆಯ ಪ್ರದೇಶವಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಅವು ಈಸ್ಟ್ ಇಂಡಿಯಾ ಕಂಪನಿಗೆ ಹೋದವು, ಆಡಳಿತ ಮಂಗಳೂರಿನಿಂದಲೇ ನಡೆಯಿತು. ದ್ವೀಪದಲ್ಲಿ ಮೊನೆಗಾರ ಎಂಬ ಅಧಿಕಾರಿ, ಅವನ ಮೇಲೆ ಮಂಗಳೂರಿನ ಕಲೆಕ್ಟರು. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯ. ಹುರಿಗೆ ಎಷ್ಟು ಬೆಲೆ, ಬದಲಿಗೆ ಎಷ್ಟು ಅಕ್ಕಿ ಎಂಬುದನ್ನು ದಡದಲ್ಲಿದ್ದವರು ತೀರ್ಮಾನಿಸುತ್ತಿದ್ದರು, ಹುರಿ ಹೊಸೆದವರಲ್ಲ.

1956ರ ನವೆಂಬರ್ 1ರಂದು ಒಂದೇ ದಕ್ಷಿಣ ಕನ್ನಡ ಜಿಲ್ಲೆ ಮೂರು ಪಾಲಾಯಿತು. ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು. ಕಾಸರಗೋಡು ಕೇರಳಕ್ಕೆ ಹೋಯಿತು. ಅದರ ನೋವು ನಮಗೆ ಗೊತ್ತು, ಪ್ರತಿ ರಾಜ್ಯೋತ್ಸವದಲ್ಲಿ ಅದನ್ನು ನೆನೆಯುತ್ತೇವೆ. ಮೂರನೆಯ ಪಾಲು, ಅಮಿನ್‌ದಿವಿ, ಮಲಬಾರಿಗೆ ಸೇರಿದ್ದ ಮಿಕ್ಕ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾಯಿತು. ಅದನ್ನು ನಾವು ಯಾರೂ ನೆನೆಯುವುದಿಲ್ಲ. ಆಗ ನನಗೆ ಆರು ವರ್ಷ. ಅಪ್ಪ ಮನೆಗೆ ಬಂದು, ‘ಇನ್ನು ದ್ವೀಪ ನಮ್ಮ ಜಿಲ್ಲೆಯಲ್ಲಿಲ್ಲವಂತೆ’ ಎಂದರು. ಅಜ್ಜಿ, ‘ಅವರನ್ನು ಕೇಳಿದರೋ?’ ಎಂದಳು. ಅಪ್ಪನ ಬಳಿ ಉತ್ತರ ಇರಲಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾಯಿತು. ಅದೇ ದಿನ ಆ ದ್ವೀಪಗಳಿಗೆ ‘ಲಕ್ಷದ್ವೀಪ’ ಎಂಬ ಹೆಸರು ಬಂತು. ನಮ್ಮ ಹಬ್ಬದ ದಿನವೇ ಅವರ ಹುಟ್ಟಿದ ದಿನ, ನಾಮಕರಣದ ದಿನ.

ಲಕ್ಷದ್ವೀಪದ ಇಂದಿನ ವ್ಯವಸ್ಥೆ ಹೀಗಿದೆ. 2011ರ ಗಣತಿಯಂತೆ ಜನ 64,473. ವಿಧಾನಸಭೆ ಇಲ್ಲ. ಜಿಲ್ಲಾ ಪಂಚಾಯತಿ ಇದೆ, ಅದರ ಮೇಲೆ ಕೇಂದ್ರ ನೇಮಿಸಿದ ಆಡಳಿತಾಧಿಕಾರಿ. ಸಂವಿಧಾನದ 240ನೆಯ ವಿಧಿಯಂತೆ ರಾಷ್ಟ್ರಪತಿಗಳ ಹೆಸರಿನಲ್ಲಿ ನಿಯಮಗಳನ್ನು ಹೊರಡಿಸಬಹುದು. ಲೋಕಸಭೆಯ ಸದಸ್ಯರನ್ನು ಕೂಡ ಮೊದಲು ನಾಮಕರಣ ಮಾಡುತ್ತಿದ್ದರು, 1967ರಿಂದ ಜನ ಆರಿಸುತ್ತಿದ್ದಾರೆ. 2021ರಲ್ಲಿ ಭೂಮಿ ಮತ್ತು ಅಭಿವೃದ್ಧಿಗೆ ಸಂಬಂಧಿಸಿದ ಕರಡು ನಿಯಮಗಳು ಹೊರಬಂದಾಗ ದ್ವೀಪದವರು ಮನೆಮನೆಯಲ್ಲೂ ಪ್ರತಿಭಟಿಸಿದರು. ನಿಯಮ ಒಳ್ಳೆಯದೋ ಕೆಟ್ಟದೋ ಎಂಬುದು ಒಂದು ಪ್ರಶ್ನೆ. ಅದನ್ನು ಚರ್ಚಿಸಿ ‘ಹೌದು’ ‘ಅಲ್ಲ’ ಎನ್ನಲು ಅವರದೇ ಒಂದು ಸಭೆ ಇರಲಿಲ್ಲ ಎಂಬುದು ಇನ್ನೊಂದು ಪ್ರಶ್ನೆ.

ಈಗ ಎರಡೂ ದ್ವೀಪಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅರವತ್ತು ಸಾವಿರ ಚಿಲ್ಲರೆ ಜನರ ಲಕ್ಷದ್ವೀಪಕ್ಕೆ ದೆಹಲಿಯ ಲೋಕಸಭೆಯಲ್ಲಿ ಒಂದು ಪೂರ್ಣ ಮತವಿದೆ, ಮನೆಯಲ್ಲಿ ಶಾಸನಸಭೆ ಇಲ್ಲ. ಮೂವತ್ಮೂರು ಲಕ್ಷ ಜನರ ಪೋರ್ಟೊ ರಿಕೊಗೆ ಮನೆಯಲ್ಲಿ ಶಾಸನಸಭೆ ಇದೆ, ವಾಷಿಂಗ್ಟನ್ನಿನಲ್ಲಿ ಮತವಿಲ್ಲ. ಇಬ್ಬರಿಗೂ ಒಂದೊಂದು ಕಣ್ಣು. ಟೆಕ್ಸಸ್‌ಗೆ ಎರಡೂ ಕಣ್ಣಿವೆ, ಕರ್ನಾಟಕಕ್ಕೂ ಎರಡೂ ಇವೆ. ಆದುದರಿಂದ ಯಾವ ದೇಶ ತನ್ನ ದೂರದ ಸೀಮೆಗೆ ಏನು ಹೆಸರಿಟ್ಟಿದೆ ಎಂದು ಕೇಳಿ ಮರುಳಾಗಬಾರದು. ಎರಡೇ ಪ್ರಶ್ನೆ ಕೇಳಬೇಕು. ಮನೆಯ ವಿಷಯವನ್ನು ತೀರ್ಮಾನಿಸಲು ಅವರದೇ ಸಭೆ ಇದೆಯೆ? ಅವರನ್ನು ಕಟ್ಟಿಹಾಕುವ ಕಾನೂನು ಮಾಡುವ ದೊಡ್ಡ ಸಭೆಯಲ್ಲಿ ಅವರಿಗೆ ಮತವಿದೆಯೆ?

ಹೆಸರಿನಿಂದ ಮೋಸ ಹೋಗಬಾರದು ಎಂದದ್ದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. ಗೋವೆಯನ್ನೂ ಕಾರವಾರದ ಎದುರಿನ ಅಂಜದೀವ್ ದ್ವೀಪವನ್ನೂ ಪೋರ್ಚುಗೀಸರು ಹಿಡಿದಿದ್ದರು. 1951ರಲ್ಲಿ ಅವರು ತಮ್ಮ ವಸಾಹತುಗಳಿಗೆಲ್ಲ ‘ಕಡಲಾಚೆಯ ಪ್ರಾಂತ’ ಎಂದು ಹೊಸ ಹೆಸರಿಟ್ಟರು. ವಸಾಹತು ಎಂಬ ಪದ ಹೋಯಿತು, ಆಳುವ ರೀತಿ ಹೋಗಲಿಲ್ಲ. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಬರುವ ತನಕ ಅದು ಮುಂದುವರಿಯಿತು. ಫ್ರಾನ್ಸಿನವರು 1946ರಲ್ಲಿ ರೀಯೂನಿಯನ್, ಮಾರ್ಟಿನಿಕ್ ಮೊದಲಾದ ದ್ವೀಪಗಳನ್ನು ತಮ್ಮ ದೇಶದ ಜಿಲ್ಲೆಗಳನ್ನಾಗಿ ಮಾಡಿದರು, ಅಲ್ಲಿಯವರು ಪ್ಯಾರಿಸಿನ ಸಂಸತ್ತಿಗೆ ಮತವಿರುವ ಸದಸ್ಯರನ್ನು ಕಳಿಸುತ್ತಾರೆ. ಬ್ರಿಟನ್ನಿಗೆ ಇಂದೂ 14 ಕಡಲಾಚೆಯ ಪ್ರದೇಶಗಳಿವೆ, ಜನವಸತಿಯುಳ್ಳ ಹೆಚ್ಚಿನವಕ್ಕೆ ಅವುಗಳದೇ ಸಭೆಗಳಿವೆ, ಲಂಡನ್ನಿನ ಸಂಸತ್ತಿನಲ್ಲಿ ಒಂದು ಸ್ಥಾನವೂ ಇಲ್ಲ. ದೇಶಕ್ಕೊಂದು ಪದ್ಧತಿ.

ಒಂದೇ ಅಳತೆಯ ಅಂಗಿಯನ್ನು ಎಲ್ಲರಿಗೂ ತೊಡಿಸಬೇಕೆಂದೂ ನಾನು ಹೇಳುತ್ತಿಲ್ಲ. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು ಅಮೆರಿಕದ ‘ರಾಷ್ಟ್ರೀಯರು’, ಪ್ರಜೆಗಳಲ್ಲ. ಹ್ಯೂಸ್ಟನ್ನಿಗೆ ಬಂದರೆ ಮತ ಹಾಕಲು ನಮ್ಮ ಹಾಗೆಯೇ ಅರ್ಜಿ ಕೊಟ್ಟು ಪೌರತ್ವ ಪಡೆಯಬೇಕು. ಇದು ಅನ್ಯಾಯ ಎಂದು ಕೆಲವು ಸಮೋವಾದವರು ನ್ಯಾಯಾಲಯಕ್ಕೆ ಹೋದರು. ಆಗ ಎದುರು ನಿಂತವರಲ್ಲಿ ಸಮೋವಾದ ಸರಕಾರವೇ ಇತ್ತು! ಅಲ್ಲಿ ಬಹುಪಾಲು ಭೂಮಿ ಕುಟುಂಬಗಳ ಸಾಮೂಹಿಕ ಆಸ್ತಿ, ಹೊರಗಿನವರಿಗೆ ಮಾರುವಂತಿಲ್ಲ. ಪೌರತ್ವದ ಪ್ರಶ್ನೆಯನ್ನು ನ್ಯಾಯಾಲಯ ಮೇಲಿನಿಂದ ಹೇರಿದರೆ ಈ ಪದ್ಧತಿಗೆ ಅಪಾಯ ಎಂಬ ಭಯ ಅವರದು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ಕೇಳಲು ಒಪ್ಪಲಿಲ್ಲ. ಲಕ್ಷದ್ವೀಪದಲ್ಲೂ ಹೊರಗಿನವರು ಹೋಗಬೇಕಾದರೆ ಅನುಮತಿ ಪತ್ರ ಬೇಕು. ಚಿಕ್ಕ ದ್ವೀಪದ ನೆಲ, ನೀರು ಉಳಿಯಬೇಕಾದರೆ ಇಂಥ ಬೇಲಿ ಬೇಕಾದೀತು. ಪೋರ್ಟೊ ರಿಕೊದಲ್ಲೇ ರಾಜ್ಯವಾಗಬೇಕು, ಈಗಿನಂತೆ ಇರಬೇಕು, ಸ್ವತಂತ್ರವಾಗಬೇಕು ಎಂಬ ಮೂರು ಪಕ್ಷಗಳಿವೆ. 2020ರ ಜನಮತದಲ್ಲಿ ರಾಜ್ಯ ಬೇಕೆಂದವರು ನೂರಕ್ಕೆ ಸುಮಾರು 52. ಆದರೂ ನಿರ್ಧಾರ ಕಾಂಗ್ರೆಸ್ಸಿನದು. ಬೇಲಿ ಹಾಕುವುದು ತಪ್ಪಲ್ಲ, ಬೇಲಿಯ ಬಾಗಿಲಿನ ಚಿಲಕ ಯಾರ ಕೈಯಲ್ಲಿರಬೇಕು ಎಂಬುದೇ ಪ್ರಶ್ನೆ. ನನ್ನ ಅಜ್ಜಿ ಕೇಳಿದ್ದೂ ಅದನ್ನೇ.

ಬಂಧುಗಳೆ, ಮುಗಿಸುವ ಮುನ್ನ ಒಂದೆರಡು ವಿನಂತಿ. ಈ ಸಭಾಂಗಣದಲ್ಲೂ ನಾವು ಹಲವು ವರ್ಗಗಳಲ್ಲಿ ಕುಳಿತಿದ್ದೇವೆ. ಕೆಲವರು ಪ್ರಜೆಗಳು, ಕೆಲವರು ಹಸಿರು ಕಾರ್ಡಿನವರು, ಕೆಲವರು ಕೆಲಸದ ವೀಸಾದಲ್ಲಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತವರು. ತೆರಿಗೆ ಕಟ್ಟಿ, ಮಾತಿಲ್ಲದೆ ಕಾಯುವುದು ಹೇಗಿರುತ್ತದೆ ಎಂದು ಸಾಲಿನಲ್ಲಿರುವ ತರುಣರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಸಾಲು ನಿಧಾನವಾದರೂ ಮುಂದೆ ಸಾಗುತ್ತದೆ, ದ್ವೀಪದವರ ಸಾಲು 1898ರಿಂದ ಅಲ್ಲೇ ನಿಂತಿದೆ.

ಮತದ ಹಕ್ಕು ಇರುವವರಲ್ಲಿ ನನ್ನ ಕೋರಿಕೆ ಇಷ್ಟೆ. ‘ನನ್ನ ಒಂದು ಮತದಿಂದ ಏನಾದೀತು’ ಎನ್ನಬೇಡಿ. ನಮ್ಮ ಒಬ್ಬೊಬ್ಬರ ಮತವೂ ಎರಡು ಮನೆಗಳಲ್ಲಿ ಸಲ್ಲುತ್ತದೆ, ಆಸ್ಟಿನ್‌ನಲ್ಲೂ ವಾಷಿಂಗ್ಟನ್ನಿನಲ್ಲೂ. ಮತ ಕೇಳಲು ಬಂದವರನ್ನು ರಸ್ತೆ, ಶಾಲೆ, ವೀಸಾಗಳ ಬಗ್ಗೆ ಕೇಳುವಾಗ, ‘ಪೋರ್ಟೊ ರಿಕೊದ ವಿಷಯದಲ್ಲಿ ನಿಮ್ಮ ನಿಲುವೇನು?’ ಎಂದು ಒಮ್ಮೆ ಕೇಳಿ. ಅಲ್ಲಿಯವರು ಸದನದಲ್ಲಿ ಕೈಯೆತ್ತಲಾರರು, ಅವರ ಪ್ರಶ್ನೆಯನ್ನು ಕೇಳಬಲ್ಲವರು ನಾವೇ. ಹಾಗೆಯೇ, ಮುಂದಿನ ನವೆಂಬರ್ 1ರಂದು ಇಲ್ಲಿ ಕನ್ನಡದ ಬಾವುಟ ಹಾರಿಸಿ ಸಿಹಿ ಹಂಚುವಾಗ, ಮಕ್ಕಳಿಗೆ ನಕ್ಷೆ ತೋರಿಸಿ ಬೀದರಿನಿಂದ ಕೊಡಗಿನ ತನಕ ಬೆರಳು ಓಡಿಸಿ. ಆಮೇಲೆ ಬೆರಳನ್ನು ಮಂಗಳೂರಿನಿಂದ ಪಶ್ಚಿಮಕ್ಕೆ, ನೀಲಿ ನೀರಿನ ಮೇಲೆ ಸ್ವಲ್ಪ ಮುಂದಕ್ಕೆ ತನ್ನಿ. ಅಲ್ಲಿಯೂ ಒಂದು ಕಾಲಕ್ಕೆ ನಮ್ಮ ಜಿಲ್ಲೆಯವರಾಗಿದ್ದ ಜನರಿದ್ದಾರೆ ಎಂದು ಹೇಳಿ.

ಕಳೆದ ವರ್ಷ ನನ್ನ ಆ ಹಳೆಯ ಸಹೋದ್ಯೋಗಿ ನಿವೃತ್ತನಾಗಿ ಪೋನ್ಸೆಗೆ ಹಿಂದಿರುಗಿದ. ತಾಯಿ ಈಗಿಲ್ಲ. ಹೊರಡುವ ಮುನ್ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ನೀರುದೋಸೆ, ಕೋಳಿಸಾರು ತಿಂದು, ಬಾಗಿಲಲ್ಲಿ ನಿಂತು ನಗುತ್ತಾ ಹೇಳಿದ, ‘ನನ್ನ ಮತ ಇಲ್ಲೇ ಬಿಟ್ಟು ಹೋಗುತ್ತಿದ್ದೇನೆ. ನೀನಾದರೂ ನಿನ್ನದನ್ನು ತಪ್ಪಿಸಬೇಡ.’ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನೀವೂ ನನ್ನ ಜೊತೆಗೆ ಆ ಮಾತು ಕೊಟ್ಟರೆ ಇಂದಿನ ನನ್ನ ಭಾಷಣ ಸಾರ್ಥಕ.

ನಮ್ಮ ಸಂಘ ಇನ್ನಷ್ಟು ವರ್ಷ ಬಾಳಲಿ, ಬೆಳಗಲಿ.